ಬುರುಲ್ಚಾ ಕಂಡ ಕನಸು

ಆ ವರ್ಷ ಏಪ್ರಿಲ್‌ನಲ್ಲಿ ಕೊರಿಯಾದಿಂದ ಬಂದ ಕಾಗದವನ್ನು ಮೊದಲು ಓದಿದವಳು ನಾನು. ನಮ್ಮ ರಾಜಧಾನಿ ಬಿಷ್ಕೆಕ್‌ನ ಸರ್ಕಾರಿ ಕಲಾ ಕಚೇರಿಯಲ್ಲಿ ಆ ಭಾಷೆ ಬಲ್ಲವಳು ನಾನೊಬ್ಬಳೇ. ಕೈಕಸುಬಿನ ಕಲೆಗೆಂದು ಅಲ್ಲಿನ ಒಂದು ನಗರ ಎರಡು ವರ್ಷಕ್ಕೊಮ್ಮೆ ಬಹುಮಾನ ಕೊಡುತ್ತದೆ. ಐವತ್ತು ದೇಶಗಳಿಂದ ಬಂದ ಕೆಲಸಗಳಲ್ಲಿ ಈ ಸಲ ಮೊದಲನೆಯದೆಂದು ಆರಿಸಿದ್ದು ನಾರಿನ್ ಸೀಮೆಯ ಜೂರಾಕಾನ್ ಎಂಬ ಹೆಂಗಸಿನ ಶಿರ್ದಾಕನ್ನು. ಉಣ್ಣೆಯನ್ನು ನೆನೆಸಿ, ತುಳಿದು, ಉರುಳಿಸಿ ಗಟ್ಟಿಮಾಡಿದ ಹಾಸು ಅದು. ಬಿಳಿಯ ಮೇಲೆ ನೀಲಿ ಅಲೆಗಳು. ಕಾಗದದ ಜೊತೆಗಿದ್ದ ಫೋಟೋ ನೋಡುತ್ತಾ ಕೂತರೆ ಅಲೆಗಳು ಮೆಲ್ಲಗೆ ಸರಿದಂತೆ ಅನ್ನಿಸುತ್ತಿತ್ತು.

ನಮ್ಮ ನಿರ್ದೇಶಕರು ಶಾಬ್ದಾನ್ ಬೈಕೆ; ಬೈಕೆ ಎಂದರೆ ನಮ್ಮಲ್ಲಿ ಅಣ್ಣ. ಕಾಗದವನ್ನು ಮೂರು ಸಲ ಓದಿಸಿದರು.

"ಸಿರ್ಗಾ, ಶಿರ್ದಾಕ್ ಒಂದೇ ಹುಟ್ಟಲ್ಲ ಅಲ್ವಾ? ಇದಕ್ಕೆ ಜೋಡಿ ಇರ್ಬೇಕಲ್ಲಾ?"

ಇರಲೇಬೇಕು. ಬಿಳಿ ಹಾಳೆಯ ಮೇಲೆ ನೀಲಿ ಹಾಳೆ ಹಾಸಿ ಎರಡನ್ನೂ ಒಂದೇ ಚಾಕುವಿನಿಂದ ಒಟ್ಟಿಗೆ ಕೊಯ್ಯುತ್ತಾರೆ. ಬಿಳಿಯಲ್ಲಿ ಬಿದ್ದ ತೂತಿಗೆ ನೀಲಿಯ ತುಂಡು, ನೀಲಿಯ ತೂತಿಗೆ ಬಿಳಿಯ ತುಂಡು. ಒಂದು ಚೂರೂ ದಂಡವಾಗುವುದಿಲ್ಲ. ಹುಟ್ಟಿದರೆ ಅವಳಿಯೇ.

"ಒಂದು ಅಲ್ಲಿ, ಒಂದು ಇಲ್ಲಿ. ಎರಡು ದೇಶ, ಅವಳಿ ಮಕ್ಕಳು! ಸೆಪ್ಟೆಂಬರ್‌ನಲ್ಲಿ ಅವರ ನಿಯೋಗ ಬರ್ತಿದೆ. ಇದಕ್ಕಿಂತ ಒಳ್ಳೆ ಭಾಷಣ ನನ್ನ ಜನ್ಮದಲ್ಲಿ ಸಿಗಲ್ಲ ಕಣಮ್ಮಾ. ಆ ಜೋಡಿ ಎಲ್ಲಿದ್ರೂ ಹುಡುಕ್ಕೊಂಡು ಬಾ."

ಹೊರಟಿದ್ದು ಮೇ ಮೊದಲ ವಾರ, ಕೊರಿಯಾ ರಾಯಭಾರ ಕಚೇರಿಯ ಯುನ್ ಅವರ ಕಾರಿನಲ್ಲಿ. ಎರಡು ದೇಶಗಳ ಕಲೆ, ಸಂಗೀತದ ವ್ಯವಹಾರಗಳನ್ನೆಲ್ಲ ನೋಡಿಕೊಳ್ಳುವ ಅಧಿಕಾರಿ ಅವರು. ಐವತ್ತು ದಾಟಿದ ತೆಳ್ಳನೆಯ ಮನುಷ್ಯ. ಪಕ್ಕದ ಕೋಣೆಯಲ್ಲಿ ಯಾರೋ ಮಲಗಿದ್ದಾರೇನೋ ಅನ್ನುವಷ್ಟು ಮೆಲ್ಲಗೆ ಮಾತಾಡುತ್ತಿದ್ದರು. ಕಾರು ಓಡಿಸುವುದೂ ಹಾಗೆಯೇ. ದೋಲೋನ್ ಕಣಿವೆಯ ದಾರಿ ಏರುವ ಹೊತ್ತಿಗೆ ಮೋಡ ರಸ್ತೆಗೇ ಇಳಿದಿತ್ತು. ಬೇಸಿಗೆಯ ಹುಲ್ಲುಗಾವಲಿಗೆ ಹೊರಟ ಕುರಿಗಳು, ಮಂಜಿಗೇ ಕಾಲು ಮೂಡಿದಂತೆ, ಒಂದೊಂದಾಗಿ ಕಾರಿನ ಮುಂದೆ ಹಾದುಹೋದವು. ಯುನ್ ಎಂಜಿನ್ ನಿಲ್ಲಿಸಿ ಕೂತರು. ಎಷ್ಟು ಹೊತ್ತು ಹಾಗೆ ಕೂತಿದ್ದೆವೋ ಗೊತ್ತಿಲ್ಲ. ನನಗೆ ಎಚ್ಚರವೂ ನಿದ್ದೆಯೂ ಅಲ್ಲದ ಸ್ಥಿತಿ. ಗೊರಸಿನ ಸದ್ದು ಮಾತ್ರ, ದೂರದಲ್ಲಿ ಮಳೆ ಬಂದಂತೆ.

ಜೂರಾಕಾನ್ ಅಪಾ (ಹಿರಿಯ ಹೆಂಗಸರನ್ನು ನಾವು ಅಪಾ ಎನ್ನುತ್ತೇವೆ) ಅರವತ್ತಾರರ ಹೆಂಗಸು. ಮೈ ಸಣ್ಣದು, ಅಂಗೈ ಮಾತ್ರ ಗಂಡಸರದ್ದಕ್ಕಿಂತ ಅಗಲ. ನಮ್ಮನ್ನು ಒಳಗೆ ಕರೆದು, ಬಟ್ಟೆ ಹಾಸಿ, ರೊಟ್ಟಿ ಮುರಿದು, ಕೆನೆಯ ಬಟ್ಟಲು ಮುಂದಿಟ್ಟು ಆಮೇಲೆ ಕೇಳಿದರು.

"ಬಹುಮಾನ ಬಂದಿದೆ ಅಂತ ಮಗಳು ಫೋನ್ ಮಾಡಿದ್ಲು. ಈಗ ನಾನೇನು ಮಾಡ್ಬೇಕು?"

"ಹೋಗಿ ತಗೋಬೇಕು ಅಪಾ. ವಿಮಾನದಲ್ಲಿ. ನಾನೂ ಬರ್ತೀನಿ."

"ಅವರೇ ಕಳಿಸಿಕೊಡಲ್ವಾ?"

ನಾನು ಇದನ್ನು ಯುನ್‌ಗೆ ಅನುವಾದಿಸಿದೆ. ಅವರು ಕಣ್ಣು ಮುಚ್ಚಿ ನಕ್ಕರು.

ಶಿರ್ದಾಕಿನ ಕಥೆ ಹೊರಬಂದದ್ದು ಎರಡನೆಯ ಬಟ್ಟಲು ಚಹಾಕ್ಕೆ. ಹದಿಮೂರು ವರ್ಷದ ಹಿಂದೆ ಅಪಾಳ ಗಂಡ ಮುಕಾಶ್ ಸತ್ತರು. ಕಣಿವೆಯ ರಸ್ತೆಯ ಮೇಲಿನ ಹಿಮ ಸರಿಸುವ ಯಂತ್ರ ಓಡಿಸುತ್ತಿದ್ದವರು. ಒಂದು ದಿನ ಮಧ್ಯಾಹ್ನ ಯಂತ್ರ ನಿಲ್ಲಿಸಿ ಚಹಾ ಕುಡಿಯುತ್ತಾ ಕೂತಿದ್ದವರು ಮತ್ತೆ ಏಳಲಿಲ್ಲ. ಆಮೇಲೆ ಅಪಾ ಮಾತು ಬಿಟ್ಟರು. ಅತ್ತದ್ದೂ ಇಲ್ಲ. ವಸಂತ ಬಂತು, ಕುರಿ ತುಪ್ಪಟ ಕತ್ತರಿಸಿದ್ದಾಯಿತು, ಕೇರಿಯ ಎಂಟು ಹೆಂಗಸರು ಅಂಗಳದಲ್ಲಿ ಜೊಂಡಿನ ಚಾಪೆಯ ಮೇಲೆ ಉಣ್ಣೆ ಹರಡಿ, ಬಿಸಿನೀರು ಹೊಯ್ದು, ಸುತ್ತಿ ಉರುಳಿಸತೊಡಗಿದರು. ಎಳೆದು ತಂದು ಕೂರಿಸಿದ್ದರಿಂದ ಅಪಾಳೂ ಸಾಲಿನಲ್ಲಿದ್ದರು, ಮರದ ಬೊಂಬೆಯ ಹಾಗೆ.

"ಆಗ ನನ್ನ ವಾರಗಿತ್ತಿ ಬುರುಲ್ಚಾ ಹೇಳಿದ್ಲು. ನಮ್ಮ ಯಜಮಾನ್ರ ಅಣ್ಣನ ಹೆಂಡ್ತಿ. 'ನಿನ್ನೆ ನಂಗೊಂದು ಕನಸು ಬಿತ್ತು ಕಣೇ. ಮುಕಾಶ್ ಸೋನ್‌ಕೋಲ್ ಸರೋವರ ದಾಟ್ತಿದ್ದ. ನೀಲಿ ಕುದುರೆ ಮೇಲೆ. ನೀರಿನ ಮೇಲೇ ನಡೀತಿತ್ತು ಅದು, ಗೊರಸು ಕೂಡ ನೆನೀಲಿಲ್ಲ. ಹಿಂದೆ ಅಲೆ ಏಳ್ತಿತ್ತು, ಟಗರಿನ ಕೊಂಬಿನ ಥರ ಸುರುಳಿ ಸುರುಳಿ. ಆಚೆ ದಡ ಮುಟ್ಟಿ ತಿರುಗಿ ನೋಡ್ದ. ಸುಸ್ತೇ ಆಗಿರಲಿಲ್ಲ ಅವನಿಗೆ.' ಅಷ್ಟು ಹೇಳಿದ್ಲು. ನಂಗೆ ಅಳು ಬಂತು. ಅವತ್ತೆಲ್ಲಾ ಅತ್ತೆ. ಮಾರನೇ ದಿನ ಸೀಮೆಸುಣ್ಣ ತಗೊಂಡು ಆ ಅಲೆಗಳನ್ನ ಹಾಗೇ ಬರ್ದು ಕೊಯ್ದೆ. ಎರಡು ಆದವು. ಒಂದು ನಂಗೆ, ಒಂದು ಅವಳಿಗೆ."

ತಮ್ಮದನ್ನು ಅಪಾ ಒಮ್ಮೆಯೂ ನೆಲಕ್ಕೆ ಹಾಸಿರಲಿಲ್ಲ. ಮಡಚಿ ಹೊದಿಕೆಗಳ ಅಟ್ಟಿಯೊಳಗಿಟ್ಟಿದ್ದರು. ಹುಳು ತಿನ್ನಿಸುವುದಕ್ಕಿಂತ ನಾಲ್ಕು ಜನ ನೋಡಲಿ ಎಂದು ಮಗಳೇ ಅದನ್ನು ಪ್ರದರ್ಶನಕ್ಕೆ ಕಳಿಸಿದ್ದಳು.

"ಇನ್ನೊಂದು ಈಗ ಬುರುಲ್ಚಾ ಅಪಾ ಹತ್ರಾನೇ ಇದೆಯಾ?" ಎಂದೆ.

"ಇರ್ಬೇಕು. ಎದುರು ಮನೇನೇ ಅವಳದ್ದು, ನಾನು ಅಲ್ಲಿಗೆ ಹೋಗಿ ಹನ್ನೊಂದು ವರ್ಷ ಆಯ್ತು."

ಕಾರಣ ಕೇಳಿದರೆ ನಗು ಬರುತ್ತದೆ. ಜೂರಾಕಾನ್ ಅಪಾಳ ಮಗಳ ಮದುವೆಯ ಊಟದಲ್ಲಿ ಮಾಂಸ ಹಂಚುವವನು ತಪ್ಪು ಮಾಡಿದ್ದ. ಮನೆಯ ಹಿರಿಯ ಹೆಂಗಸಿಗೆ ಸಲ್ಲಬೇಕಾದ ಬಾಲದ ಕಡೆಯ ತುಂಡು ಬೀಗರ ಕಡೆಯ ಯಾರಿಗೋ ಹೋಗಿ, ಬುರುಲ್ಚಾಳ ತಟ್ಟೆಗೆ ಕಿರಿಯ ಸೊಸೆಯರಿಗೆ ಕೊಡುವ ಮೂಳೆ ಬಿತ್ತು. ಆಕೆ ಕೈ ಕೂಡ ಒರೆಸಿಕೊಳ್ಳದೆ ಎದ್ದು ಹೋದರು. "ತಪ್ಪಾಯ್ತು ಅಂತ ಹೇಳೋಕೆ ಹೋದೆ. ಬಾಗಿಲು ತೆಗೀಲಿಲ್ಲ. ಆಮೇಲೆ ನಂಗೂ ಸಿಟ್ಟು ಬಂತು."

ಇದನ್ನೆಲ್ಲ ನಾನು ಯುನ್‌ಗೆ ಅನುವಾದಿಸಿದೆ. ಅವರು ನನಗೆ ಹೇಳಿದರು: "ಆ ಕನಸಿಗೆ ಇವರು ಏನು ಕೊಟ್ಟರು ಅಂತ ಕೇಳಿ."

"ಏನು ಕೊಡೋದು? ಕನಸಿಗಾ?" ಅಪಾ ಹುಬ್ಬೇರಿಸಿದರು.

"ನಮ್ಮ ಕಡೆ ಬೇರೆಯವರ ಒಳ್ಳೆ ಕನಸನ್ನ ಕೊಂಡ್ಕೋತಾರೆ. ಒಂದು ಬಟ್ಟೆಯೋ ಬಾಚಣಿಗೆಯೋ, ಏನಾದ್ರೂ ಕೊಡ್ಬೇಕು. ಆಗ ಅದು ನಮ್ಮದಾಗತ್ತೆ. ನಾನು ಹುಟ್ಟೋ ಮುಂಚೆ ನನ್ನ ಚಿಕ್ಕಮ್ಮನಿಗೆ ಬಿದ್ದ ಕನಸನ್ನ ನಮ್ಮಮ್ಮ ಕೊಂಡ್ಕೊಂಡಿದ್ಲು. ಒಂದು ಕರವಸ್ತ್ರ ಕೊಟ್ಟು."

ಅವರು ಅದನ್ನು ಮಾತಿಗೆ ಮಾತು ಎಂದು ಹೇಳಿದರೋ ಏನೋ. ಅಪಾ ಮಾತ್ರ ಚಹಾದ ಕೆಟಲ್ ಕೆಳಗಿಟ್ಟರು.

"ಅಂದ್ರೆ ಅದು ಇನ್ನೂ ಅವಳದ್ದೇ. ನಂದಲ್ಲದ್ದಕ್ಕೆ ನಾನು ಬಹುಮಾನ ತಗೊಳ್ಳೋಕೆ ಹೊರಟಿದೀನಿ."

"ಹಾಗಲ್ಲ ಅಪಾ..."

"ಹಾಗೇನೇ." ಎದ್ದು ಹೋಗಿ ಪೆಟ್ಟಿಗೆಯಿಂದ ತಲೆವಸ್ತ್ರ ತಂದರು. ಹೊಸದು, ರೇಷ್ಮೆ, ಅಂಚಿಗೆ ಕೆಂಪು ಹೂವು. "ಇದನ್ನ ಕೊಟ್ಟು ಬಾ ಮಗಳೇ. ಕನಸಿಗೆ ಅಂತ ಹೇಳು. ಬೇರೇನೂ ಹೇಳ್ಬೇಡ."

"ನೀವೇ ಬನ್ನಿ. ಎದುರು ಮನೆ ತಾನೇ."

"ನೀನು ದುಭಾಷಿ ಅಲ್ವಾ? ಹೋಗು."

ಒಂದೇ ಭಾಷೆ ಆಡುವ ಇಬ್ಬರ ನಡುವೆ ನಾನು ದುಭಾಷಿಯಾದದ್ದು ಹೀಗೆ.

ಬುರುಲ್ಚಾ ಅಪಾ ಎಪ್ಪತ್ತೊಂದರವರು. ಭಾರಿ ಮೈ, ಭಾರಿ ದನಿ. ಬಾಗಿಲು ತೆಗೆದವರೇ ನನ್ನ ಕೈಯಲ್ಲಿದ್ದ ತಲೆವಸ್ತ್ರವನ್ನೂ ಎದುರು ಮನೆಯ ಕಿಟಕಿಯನ್ನೂ ಒಮ್ಮೆ ನೋಡಿ, "ಬಾ, ಕೂತ್ಕೋ, ಮೊದಲು ರೊಟ್ಟಿ ಬಾಯಿಗೆ ಹಾಕ್ಕೋ" ಎಂದರು.

ಕೂತದ್ದು ಅದರ ಮೇಲೆಯೇ. ನೀಲಿಯ ಮೇಲೆ ಬಿಳಿ ಅಲೆಗಳು. ಹದಿಮೂರು ವರ್ಷ ಜನ ಕೂತು ಎದ್ದು, ಚಹಾ ಚೆಲ್ಲಿ, ಮೊಮ್ಮಕ್ಕಳು ಹೊರಳಾಡಿ, ನೀಲಿ ಈಗ ಮಾಸಿದ ಆಕಾಶದ ಬಣ್ಣಕ್ಕೆ ತಿರುಗಿತ್ತು. ಒಂದು ಮೂಲೆಯಲ್ಲಿ ಕೆಂಡ ಬಿದ್ದು ಸುಟ್ಟ ಗುರುತು. ಇನ್ನೊಂದು ಮೂಲೆಯಲ್ಲಿ ತಾಯಿ ಸತ್ತ ಕುರಿಮರಿಯೊಂದು ಮಲಗಿತ್ತು. ಬಿಸಿಲು ಕಿಟಕಿಯಿಂದ ಬಂದು ಆ ಅಲೆಗಳ ಮೇಲೆ ಬಿದ್ದಿತ್ತು. ಮರಿಯ ಹೊಟ್ಟೆ ಏರಿಳಿದಂತೆ ಅಲೆಯೂ ಏರಿಳಿಯುತ್ತಿತ್ತು. ನಾನು ಬಂದ ಕೆಲಸವನ್ನೇ ಸ್ವಲ್ಪ ಹೊತ್ತು ಮರೆತೆ.

ಮೊದಲು ಶಾಬ್ದಾನ್ ಬೈಕೆಯ ಮಾತು ಹೇಳಿದೆ. ಆಕೆ ತೊಡೆ ತಟ್ಟಿಕೊಂಡು ನಕ್ಕರು.

"ತಗೊಂಡು ಹೋಗಿ ಗೋಡೆಗೆ ನೇತು ಹಾಕ್ತೀರಾ? ಅದೇನು ತಪ್ಪು ಮಾಡಿದೆ? ನಾನೆಲ್ಲಿ ಕೂತ್ಕೊಳ್ಳಿ, ನಿಮ್ಮ ಬೈಕೆ ತಲೆ ಮೇಲಾ?"

ಆಮೇಲೆ ತಲೆವಸ್ತ್ರ ಮುಂದಿಟ್ಟೆ. ಕನಸಿಗೆ ಎಂದೆ. ಯುನ್ ಹೇಳಿದ್ದನ್ನೂ ಹೇಳಿದೆ. ಆಕೆಯ ನಗು ನಿಂತಿತು. ವಸ್ತ್ರವನ್ನು ಮುಟ್ಟಲಿಲ್ಲ.

"ಇದನ್ನ ನಾನು ತಗೊಳ್ಳೋ ಹಾಗಿಲ್ಲ ಮಗಳೇ."

"ಯಾಕೆ ಅಪಾ? ಹಳೇ ಸಿಟ್ಟು..."

"ಸಿಟ್ಟಲ್ಲ. ಕನಸೇ ಇರಲಿಲ್ಲ." ಕಿಟಕಿಯ ಕಡೆ ನೋಡುತ್ತಾ ದನಿ ತಗ್ಗಿಸಿದರು. "ಅವಳು ಅಳ್ತಾ ಇರಲಿಲ್ಲ. ಮೂರು ತಿಂಗಳು. ಹಾಗೇ ಬಿಟ್ಟಿದ್ರೆ ಅವಳೂ ಹೋಗ್ತಿದ್ಲು. ನಾನು ಉಣ್ಣೆ ಉರುಳಿಸ್ತಾ ಬಾಯಿಗೆ ಬಂದದ್ದು ಹೇಳ್ದೆ. ಕುದುರೆ ನೀಲಿ ಯಾಕಾಯ್ತು ಗೊತ್ತಾ? ಎದುರಿಗೆ ನೀಲಿ ಬಣ್ಣದ ಹಂಡೆ ಇತ್ತು, ಅದಕ್ಕೆ. ಅವಳು ಅಳೋಕೆ ಶುರು ಮಾಡಿದ್ಮೇಲೆ ನಂಗೆ ನಿಲ್ಲಿಸೋಕೆ ಆಗ್ಲಿಲ್ಲ, ಸರೋವರ ದಾಟಿಸೇಬಿಟ್ಟೆ. ಈಗ ಅದಕ್ಕೆ ದೇಶ ದೇಶದವರು ಬಹುಮಾನ ಕೊಡ್ತಿದಾರೆ ಅಂದ್ರೆ... ಬೀಳದೇ ಇರೋ ಕನಸಿಗೆ ನಾನು ಬಟ್ಟೆ ಈಸ್ಕೊಳ್ಳಲಾ?"

"ಅವರಿಗೆ ಹೇಳಿದೀರಾ?"

"ಹುಚ್ಚೀನಾ ನೀನು? ಅವಳು ಅದನ್ನ ಹಿಡ್ಕೊಂಡೇ ಹದಿಮೂರು ವರ್ಷ ಬದುಕಿದಾಳೆ. ನೀನೂ ಹೇಳ್ಬೇಡ."

ತಲೆವಸ್ತ್ರ ಹಿಡಿದು ರಸ್ತೆ ದಾಟಿದೆ. ಹತ್ತು ಹೆಜ್ಜೆಯ ರಸ್ತೆ. ಅವತ್ತು ದೋಲೋನ್ ಕಣಿವೆಗಿಂತ ಉದ್ದವೆನಿಸಿತು. ಜೂರಾಕಾನ್ ಅಪಾ ಬಾಗಿಲಲ್ಲೇ ನಿಂತಿದ್ದರು.

"ಏನಂದ್ಲು?"

"ಆ ಕನಸು ಮಾರೋಕಿಲ್ಲವಂತೆ."

"ಹಾಗಂದ್ಲಾ?" ಎಂದರು. ಇನ್ನೂ ಏನಾದರೂ ಇದೆಯೇನೋ ಎಂದು ನನ್ನ ಮುಖ ನೋಡಿದರು. ನಾನು ಶೂ ಬಿಚ್ಚುವ ನೆಪದಲ್ಲಿ ಬಗ್ಗಿದೆ.

ಜೂನ್‌ನಲ್ಲಿ ಕೊರಿಯಾಕ್ಕೆ ಹೋದೆವು. ನಾವು ಇಳಿದ ನಗರ ಸಮುದ್ರಕ್ಕೆ ಹತ್ತಿರ, ಇಡೀ ದಿನ ಮಂಜಿನಂಥ ಮಳೆ. ಗಾಜಿನ ಕಟ್ಟಡಗಳು ಅರ್ಧಕ್ಕೇ ಮಾಯವಾಗಿ, ಅವುಗಳ ದೀಪಗಳು ಮಾತ್ರ ಆಕಾಶದಲ್ಲಿ ತೇಲುತ್ತಿದ್ದವು. ಅಪಾ ನನ್ನ ತೋಳು ಹಿಡಿದೇ ನಡೆದರು. "ಇಲ್ಲಿನ ಜನ ಮೋಡದೊಳಗೇ ಮನೆ ಮಾಡ್ಕೊಂಡಿದಾರಲ್ಲೇ" ಎಂದು ಮತ್ತೆ ಮತ್ತೆ ಹೇಳಿದರು.

ಸಮಾರಂಭ ಮಧ್ಯಾಹ್ನ ಮೂರಕ್ಕೆ. ಮೇಯರ್ ಇದ್ದರು, ಏಳೆಂಟು ದೇಶಗಳ ರಾಯಭಾರಿಗಳಿದ್ದರು. ಎಲ್ಲರ ಭಾಷಣದಲ್ಲೂ ಒಂದೊಂದು ಸೇತುವೆ ಬಂತು. ಅಪಾಳ ತಲೆಗೆ ಶಾಬ್ದಾನ್ ಬೈಕೆ ಕಳಿಸಿದ್ದ ಎತ್ತರದ ಬಿಳಿ ಪೇಟ ಸುತ್ತಿದ್ದೆವು. "ಹಾಲಿನ ಪಾತ್ರೆ ಹೊತ್ತ ಹಾಗಿದೆ, ಬಗ್ಗಿದ್ರೆ ಚೆಲ್ಲತ್ತೆ" ಎಂದು ಗೊಣಗುತ್ತಾ ವೇದಿಕೆ ಹತ್ತಿದರು. ಭಾಷಣವನ್ನೂ ಬೈಕೆಯೇ ಬರೆದು ಕೊಟ್ಟಿದ್ದರು, ಎರಡು ಹಾಳೆ. ಅಪಾ ಅದನ್ನು ನಾಲ್ಕು ಮಡಿಕೆ ಮಾಡಿ ತೋಳಿನೊಳಗೆ ಸೇರಿಸಿಕೊಂಡು, ಮೈಕಿನ ಹತ್ತಿರ ಹೋಗಿ, ಮನೆಯಲ್ಲಿ ಮಾತಾಡುವಂತೆಯೇ ಮಾತಾಡಿದರು.

"ಕೊಯ್ದದ್ದು ನಾನು. ಕಂಡದ್ದು ನನ್ನ ವಾರಗಿತ್ತಿ ಬುರುಲ್ಚಾ. ಅವಳು ಕಾಣದೇ ಇದ್ದಿದ್ರೆ ನನ್ನ ಚಾಕುಗೆ ದಾರಿ ಗೊತ್ತಾಗ್ತಿರಲಿಲ್ಲ. ನಮ್ಮಿಬ್ಬರಿಗೂ ಈಗ ಮಾತಿಲ್ಲ. ಆದ್ರೂ ಹೆಸರು ಬರಿಯೋದಾದ್ರೆ ಎರಡೂ ಬರೀರಿ. ಒಂದೇ ಬರಿಯೋದಾದ್ರೆ ಅವಳದ್ದು ಬರೀರಿ."

ಆ ಸಭೆಯಲ್ಲಿ ಕನಸಿನ ಕಥೆ ಪೂರ್ತಿ ಗೊತ್ತಿದ್ದವಳು ನಾನೊಬ್ಬಳೇ, ಅಥವಾ ಹಾಗೆಂದುಕೊಂಡಿದ್ದೆ. ಅಪಾ ಆಡಿದ್ದನ್ನು ಆಡಿದಂತೆಯೇ ಕೊರಿಯನ್ನಿಗೆ ತಂದೆ. ವಾರಗಿತ್ತಿ ಎನ್ನುವುದಕ್ಕೆ ಅವರಲ್ಲಿ ಬೇರೆಯದೇ ಪದವಿದೆ. ಆ ಪದದ ಹಿಂದೆಯೇ ಮಾತಿಲ್ಲ ಎಂದೊಡನೆ ಸಭೆಯ ಹೆಂಗಸರೆಲ್ಲ ಒಟ್ಟಿಗೆ ನಕ್ಕರು. ಮೇಯರ್‌ನ ಹೆಂಡತಿಯಂತೂ ಬಾಯಿಗೆ ಕೈ ಅಡ್ಡ ಹಿಡಿದರು. ರಾಯಭಾರಿಗಳು ಏನಾಯಿತೆಂದು ತಿಳಿಯದೆ ಚಪ್ಪಾಳೆ ತಟ್ಟಿದರು.

ಪ್ರಶಸ್ತಿಪತ್ರ ಆಗಲೇ ಅಚ್ಚಾಗಿತ್ತು, ಬದಲಾಯಿಸಲು ಆಗಲಿಲ್ಲ. ಗೋಡೆಯ ಮೇಲಿನ ಚೀಟಿಯನ್ನು ಮಾತ್ರ ಅವತ್ತೇ ತೆಗೆದು ಹೊಸದು ಹಾಕುತ್ತೇವೆಂದು ಸಂಘಟಕರು ಮಾತು ಕೊಟ್ಟರು.

ಮಾರನೆಯ ಬೆಳಿಗ್ಗೆ, ವಸ್ತುಸಂಗ್ರಹಾಲಯ ತೆರೆಯುವ ಮೊದಲು, ನಮ್ಮಿಬ್ಬರನ್ನೇ ಒಳಗೆ ಬಿಟ್ಟರು. ಬಹುಮಾನ ಬಂದದ್ದು ಅಲ್ಲೇ ಉಳಿಯಬೇಕೆಂಬುದು ನಿಯಮ. ಉದ್ದನೆಯ ಬಿಳಿ ಕೋಣೆ, ಕೊನೆಯ ಗೋಡೆಯ ಮೇಲೆ ಅದೊಂದೇ. ಎಲ್ಲಿಂದಲೋ ಬೆಳಕು ಬೀಳುತ್ತಿತ್ತು, ಎಲ್ಲಿಂದ ಎಂದು ಕಾಣುತ್ತಿರಲಿಲ್ಲ.

"ಎದ್ದು ನಿಂತ್ಕೊಂಡಿದೆ ನೋಡು," ಎಂದು ಅಪಾ ಪಿಸುಗುಟ್ಟಿದರು. "ನಮ್ಮ ಮನೇಲಿ ಮಲಗೇ ಇತ್ತು."

ಹತ್ತಿರ ಹೋಗಿ ಬಹಳ ಹೊತ್ತು ನಿಂತರು. ಬಿಳಿಯ ಮೇಲೆ ನೀಲಿ ಅಲೆಗಳು ಒಂದರ ಹಿಂದೊಂದು ಏಳುತ್ತಿದ್ದವು. ದಿಟ್ಟಿಸಿದರೆ ಅವುಗಳ ತುದಿಯಲ್ಲಿ ಯಾರೋ ಆಗಷ್ಟೇ ದಾಟಿಹೋದಂತೆ ನನಗೂ ಅನ್ನಿಸಿತು. ಆಗ ನನಗೆ ತಡೆಯಲಾಗಲಿಲ್ಲ.

"ಅಪಾ, ಬುರುಲ್ಚಾ ಅಪಾ ಅವತ್ತು ನಂಗೆ ಇನ್ನೂ ಒಂದು ಮಾತು ಹೇಳಿದ್ರು..."

"ಕನಸು ಬಿದ್ದಿರಲಿಲ್ಲ ಅಂತ ತಾನೇ?"

ನಾನು ಗೋಡೆ ಬಿಟ್ಟು ಅವರ ಕಡೆ ತಿರುಗಿದೆ.

"ಬುರುಲ್ಚಾಗೆ ಕನಸೇ ಬೀಳಲ್ಲ ಮಗಳೇ. ನಾನು ಸೊಸೆಯಾಗಿ ಬಂದ ಹೊಸದ್ರಲ್ಲಿ ಇಬ್ಬರೂ ಒಂದೇ ಕೋಣೇಲಿ ಮಲಗ್ತಿದ್ವಿ. ನಂಗೆ ದಿನಾ ಬೆಳಿಗ್ಗೆ ಹೇಳೋಕೆ ಕನಸಿರ್ತಿತ್ತು. ಅವಳು, 'ನಂಗೆ ಜನ್ಮದಲ್ಲಿ ಒಂದೂ ಬಿದ್ದಿಲ್ಲ ಕಣೇ, ಮಲಗಿದ್ರೆ ಕಲ್ಲು' ಅಂತಿದ್ಲು. ಹೇಳಿದ್ದು ಅವಳಿಗೆ ಮರ್ತೇ ಹೋಗಿದೆ."

"ಹಾಗಾದ್ರೆ ಅವತ್ತೇ ನಿಮಗೆ ಗೊತ್ತಿತ್ತಾ?"

"ಉಣ್ಣೆ ಉರುಳಿಸ್ತಾ ಇದ್ದಾಗ್ಲೇ. ಅದಕ್ಕೇ ಅಳು ಬಂದದ್ದು." ಅಂಗೈಯಿಂದ ಮೂಗು ಒರೆಸಿಕೊಂಡರು. "ಸತ್ತವರು ಕನಸಲ್ಲಿ ಎಲ್ಲರಿಗೂ ಬರ್ತಾರೆ. ಅದ್ರಲ್ಲೇನಿದೆ? ಆದ್ರೆ ಈ ಒರಟು ಹೆಂಗಸು, ನನ್ನ ಗಂಡನಿಗೆ ಸುಸ್ತಾಗ್ಬಾರದು ಅಂತ ಅಲ್ಲೇ ಕೂತು ಕುದುರೆ ಹುಡುಕಿ ಕೊಟ್ಲಲ್ಲ. ಸರೋವರ ದಾಟಿಸಿದ್ಲಲ್ಲ."

"ಮತ್ತೆ ಆ ತಲೆವಸ್ತ್ರ? ಕನಸಿಗೆ ಅಂತ ಕಳಿಸಿದ್ರಲ್ಲ?"

"ಒಪ್ಕೋತಾಳೇನೋ ನೋಡೋಣ ಅಂತ. ಈಸ್ಕೊಂಡಿದ್ರೆ ಸುಳ್ಳಿ ಆಗ್ತಿದ್ಲು. ಈಸ್ಕೊಳ್ಳಲಿಲ್ಲ." ಚಿಕ್ಕ ಹುಡುಗಿಯಂತೆ ಖುಷಿಪಟ್ಟು ನಕ್ಕರು. ಆಮೇಲೆ ಗೋಡೆಯ ಮೇಲಿದ್ದ ಗಂಡನಿಗೋ ಅಲೆಗಳಿಗೋ ಒಮ್ಮೆ ತಲೆಬಾಗಿ, ಹೊರಡೋಣ ಎಂದರು. ಬಾಗಿಲವರೆಗೂ ತಿರುಗಿ ನೋಡಲಿಲ್ಲ.

ವಾಪಸು ಬಂದಾಗ ಅವರನ್ನು ಊರಿಗೆ ಮುಟ್ಟಿಸಿದವಳು ನಾನೇ. ಯುನ್ ಕಾರು ಕೊಟ್ಟಿದ್ದರು. ಮಧ್ಯಾಹ್ನದ ಹೊತ್ತು, ಕೇರಿಯಲ್ಲಿ ಸೆಗಣಿ ಹೊಗೆಯ ವಾಸನೆ. ಅಪಾ ತಮ್ಮ ಮನೆಯ ಕಡೆ ಇಳಿಯಲಿಲ್ಲ. ಕಾರಿನ ಇನ್ನೊಂದು ಬಾಗಿಲು ತೆಗೆದು ಎದುರು ಮನೆಗೆ ನಡೆದರು. ಬುರುಲ್ಚಾ ಅಪಾ ಅಂಗಳದಲ್ಲಿ ಬಟ್ಟೆಯಲ್ಲಿ ಕಟ್ಟಿದ ಮೊಸರಿನ ನೀರು ಹಿಂಡುತ್ತಿದ್ದರು. ಕೈ ನಿಂತಿತು.

"ಚಹಾ ಇದೆಯಾ?" ಎಂದರು ಜೂರಾಕಾನ್ ಅಪಾ.

"ಹನ್ನೊಂದು ವರ್ಷದಿಂದ ಒಲೆ ಮೇಲೇ ಇದೆ," ಎಂದರು ಬುರುಲ್ಚಾ ಅಪಾ. "ಕುದ್ದು ಕುದ್ದು ಕಪ್ಪಾಗಿರ್ಬೇಕು. ಒಳಗೆ ಬಾ."

ನನ್ನನ್ನು ಇಬ್ಬರೂ ಮರೆತುಬಿಟ್ಟರು. ಕಾರಿನಲ್ಲಿ ಕೂತು ನಿದ್ದೆಹೋದೆ. ಎದ್ದಾಗ ಕಿಟಕಿಯೊಳಗೆ ಇಬ್ಬರೂ ಒಟ್ಟಿಗೇ, ಒಬ್ಬರ ಮಾತು ಇನ್ನೊಬ್ಬರು ಕೇಳಿಸಿಕೊಳ್ಳದೆ, ಮಾತಾಡುತ್ತಿದ್ದರು. ಕನಸಿನ ವಿಷಯ ಅಲ್ಲಿ ಬಂತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಶಾಬ್ದಾನ್ ಬೈಕೆಯ ಭಾಷಣಕ್ಕೆ ಸೆಪ್ಟೆಂಬರ್‌ನಲ್ಲಿ ಅವಳಿ ಸಿಕ್ಕಿತು, ಬುರುಲ್ಚಾ ಅಪಾಳ ಷರತ್ತಿನ ಮೇಲೆ: ಒಂದೇ ದಿನ, ಗೋಡೆಗೆ ಹಾಕಕೂಡದು, ನೆಲಕ್ಕೇ ಹಾಸಬೇಕು, ಬಂದವರು ಅದರ ಮೇಲೆ ಕೂರಬೇಕು. ಇಬ್ಬರೂ ಅದನ್ನು ಸುತ್ತಿ ವ್ಯಾನಿನ ಹಿಂದೆ ಹಾಕಿಕೊಂಡು ಬಂದರು. ಕಚೇರಿಯ ಅಮೃತಶಿಲೆಯ ಹಾಲ್‌ನಲ್ಲಿ ಹಾಸಿ, ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಶೂ ಬಿಚ್ಚಿಸಿದರು. ಕೊರಿಯಾದವರು ಮಾತಾಡದೆ ಬಿಚ್ಚಿ ಅಚ್ಚುಕಟ್ಟಾಗಿ ಜೋಡಿಸಿಟ್ಟರು. ನಮ್ಮವರೇ ಸ್ವಲ್ಪ ಹಿಂದೆಮುಂದೆ ನೋಡಿದ್ದು. ಬೈಕೆಯ ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು.

"ಎರಡು ದೇಶ, ಅವಳಿ ಮಕ್ಕಳು..." ಎಂದು ಬೈಕೆ ಕೂತಲ್ಲೇ ಶುರುಮಾಡಿದರು.

"ಮೊದಲು ರೊಟ್ಟಿ ತಗೊಳ್ಳಪ್ಪಾ," ಎಂದರು ಬುರುಲ್ಚಾ ಅಪಾ. ಭಾಷಣ ಚಿಕ್ಕದಾಯಿತು, ಊಟ ದೊಡ್ಡದಾಯಿತು. ಯುನ್ ಅಲೆಗಳ ಮೇಲೆ ಕಾಲು ಮಡಚಿ ಕೂತು ಎರಡು ಗಂಟೆ ಅಲ್ಲಾಡಲಿಲ್ಲ.

ಸಂಜೆಗೆ ಮುಂಚೆ ಅದನ್ನು ಮತ್ತೆ ಸುತ್ತಿದೆವು. ಒಂದು ತುದಿ ನಾನು ಹಿಡಿದೆ. ವ್ಯಾನ್ ಹೊರಡುವಾಗ ಬುರುಲ್ಚಾ ಅಪಾ ಕಿಟಕಿಯಿಂದ ನನ್ನ ತೋಳು ಹಿಡಿದರು.

"ಅಲ್ಲಿ ಗೋಡೆ ಮೇಲೆ ನನ್ನ ಹೆಸರು ಬರ್ದಿದಾರಂತಲ್ಲ. ಅದು ಅವರ ಅಕ್ಷರದಲ್ಲಿ ಹೇಗೆ ಕೇಳ್ಸತ್ತೆ, ಓದು ನೋಡಣ."

ನಾನು ಕೊರಿಯನ್ನರು ಓದುವಂತೆ, ಅಕ್ಷರ ಬಿಡಿಸಿ ಹೇಳಿದೆ. "ಬು... ರುಲ್... ಚಾ."

"ಬು... ರುಲ್... ಚಾ," ಎಂದು ಆಕೆ ನಿಧಾನವಾಗಿ ಹೇಳಿ ನೋಡಿದರು, ದೂರದ ಊರಿನ ಯಾರೋ ಹೆಂಗಸಿನ ಪರಿಚಯ ಮಾಡಿಕೊಳ್ಳುತ್ತಿರುವವರಂತೆ. ಪಕ್ಕದಲ್ಲಿ ಜೂರಾಕಾನ್ ಅಪಾ ಆಗಲೇ ತೂಕಡಿಸುತ್ತಿದ್ದರು.